ಆಷಾಢದಲ್ಲಿ ಮಂಟಪ ಖಾಲಿ ಇರತ್ತಲ್ಲ, ಕರ್ಲಿಂಗ್ ಲೀಗ್ ಮಾಡಿ: ರೂಲ್ಸ್ ಹೀಗಿರ್ಲಿ

ಆಷಾಢ ಶುರುವಾಯ್ತು ಅಂದ್ರೆ ನಮ್ಮ ಕಡೆ ಮದುವೆ ಬಂದ್, ಕಲ್ಯಾಣ ಮಂಟಪಕ್ಕೆ ಬೀಗ, ಮಳೆ ಹಿಡ್ಕೊಂಡ್ರೆ ಬಿಡೋ ಮಾತೇ ಇಲ್ಲ, ಫೀಲ್ಡಿಗೆ ಇಳಿದ್ರೆ ಪಾದ ಮುಳುಗತ್ತೆ. ಕ್ರಿಕೆಟ್ ಇಲ್ಲ, ವಾಲಿಬಾಲ್ ಇಲ್ಲ, ಶಟಲ್ ಕೋರ್ಟ್ ಕೇಳಿದ್ರೆ ಬೆಳಗಿನ ಜಾವದ ಸ್ಲಾಟ್ ಮಾತ್ರ ಇದೆ ಅಂತಾರೆ. ಅದೇ ಟೈಮಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ, ಸಾಗರದವರೆಗೂ ಎಷ್ಟು ಮಂಟಪದ ಗ್ರಾನೈಟ್ ನೆಲ ಸುಮ್ನೆ ಬಿದ್ದಿರತ್ತೆ ಅಂತ ಯೋಚ್ನೆ ಮಾಡಿ. ಫ್ಲೋರ್ ಕರ್ಲಿಂಗಿಗೆ ಹೇಳಿ ಮಾಡಿಸಿದ ಜಾಗ ಅದು. ಐಸ್ ಮೇಲಿನ ಕರ್ಲಿಂಗ್ ಅಲ್ಲ ಮಾರಾಯ್ರೆ, ಐಸಿಗೆ ಎಲ್ಲಿಗೆ ಹೋಗೋಣ, ಆಗುಂಬೇಲಿ ಮಳೆ ಬೀಳತ್ತೆ ಹೊರತು ಹಿಮ ಬೀಳಲ್ಲ. ತಳಕ್ಕೆ ಬಾಲ್ ಬೇರಿಂಗ್ ಕೂರಿಸಿದ ಸ್ಟೋನನ್ನ ನೆಲದ ಮೇಲೆ ತಳ್ಳೋ ಆಟ ಇದು, ಏಳನೇ ಕ್ಲಾಸಿನ ಹುಡುಗಿ, ಅವಳ ಅಜ್ಜ, ಇಬ್ರೂ ಒಂದೇ ಟೀಮಲ್ಲಿ ಆಡಬಹುದು.

ಆಟ ಗೊತ್ತಿಲ್ದೋರಿಗೆ ಒಂದೆರಡು ಮಾತು. ಕೇರಂ ಬೋರ್ಡನ್ನ ನೆಲದಷ್ಟು ದೊಡ್ಡದು ಮಾಡಿ, ಪಾಕೆಟ್ ತೆಗ್ದು, ಒಂದು ಕೊನೇಲಿ ವೃತ್ತ ಬರೆದ್ರೆ ಹೆಚ್ಚುಕಡಿಮೆ ಇದೇ ಆಟ. ಆ ವೃತ್ತಕ್ಕೆ ಹೌಸ್ ಅಂತಾರೆ, ನಟ್ಟನಡುವಿನ ಚುಕ್ಕಿಗೆ ಬಟನ್. ಒಂದು ಟೀಮಲ್ಲಿ ನಾಲ್ಕು ಜನ, ಒಬ್ಬೊಬ್ರಿಗೆ ಎರಡು ಸ್ಟೋನ್, ಎರಡೂ ಟೀಮು ಒಂದೊಂದಾಗಿ ತಳ್ತಾ ಹೋಗಿ 16 ಸ್ಟೋನ್ ಮುಗಿದ್ರೆ ಒಂದು ಎಂಡ್. ಆಮೇಲೆ ಬಟನ್‌ಗೆ ಯಾರ ಸ್ಟೋನ್ ಹತ್ರ ಇದೆಯೋ ಆ ಟೀಮಿಗೆ ಮಾತ್ರ ಪಾಯಿಂಟ್. ಎದುರಾಳಿಯ ಹತ್ತಿರದ ಸ್ಟೋನಿಗಿಂತ ಒಳಗೆ ಎಷ್ಟು ಇವೆಯೋ ಅಷ್ಟು. ಸ್ಟೋನ್ ಹೌಸನ್ನ ಮುಟ್ಟಿರ್ಲೇಬೇಕು, ಹೊರಗಿದ್ರೆ ಲೆಕ್ಕಕ್ಕಿಲ್ಲ.

ಅಸಲಿ ಆಟದ ಅಳತೆಗಳು ನಮ್ಮ ಮಂಟಪಕ್ಕೆ ಹಿಡಿಯಲ್ಲ. ಐಸಿನ ಅಂಕಣ ಸುಮಾರು 45 ಮೀಟರ್ ಉದ್ದ, ಹೌಸ್ 12 ಅಡಿ ಅಗಲ, ಸ್ಟೋನ್ ಒಂದೊಂದೂ 17ರಿಂದ 20 ಕೆಜಿ, ಹೆಸರಾಂತ ಸ್ಟೋನುಗಳ ಗ್ರಾನೈಟ್ ಬರೋದು ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಅನ್ನೋ ದ್ವೀಪದಿಂದ. ನಾವು ಹೌಸನ್ನ 6 ಅಡಿಗೆ ಇಳಿಸೋಣ, ಒಳಗೆ 4 ಮತ್ತು 2 ಅಡಿಯ ವೃತ್ತ, ಲೇನ್ ಉದ್ದ ಮಂಟಪ ಎಷ್ಟು ಕೊಡತ್ತೋ ಅಷ್ಟು, 40 ಅಡಿ ಸಿಕ್ಕಿದ್ರೂ ಆಟ ಚೆನ್ನಾಗಾಗತ್ತೆ.

ಮೊದಲು ನೆಲ ನೋಡಿ

ಪಾಲಿಶ್ ಗ್ರಾನೈಟ್ ಅಥವಾ ದೊಡ್ಡ ಟೈಲ್ಸ್ ಇರೋ ಜಾಗ ಹಿಡೀರಿ, ಜಾಯಿಂಟ್ ಎದ್ದಿರೋ ನೆಲ ಬೇಡ. ಮಂಟಪದ ಮ್ಯಾನೇಜರ್ ಹತ್ರ ಮಾತಾಡೋವಾಗ ಸ್ಟೋನ್ ಅಂತ ಬಾಯಿ ಬಿಡೋ ಮುಂಚೆ ಒಂದನ್ನ ಕೈಯಲ್ಲಿ ಹಿಡ್ಕೊಂಡು ಹೋಗಿ ತಳ್ಳಿ ತೋರ್ಸಿ, ಇಲ್ಲಾಂದ್ರೆ ಜಲ್ಲಿ ಕ್ರಷರಿಂದ ಕಲ್ಲು ತರ್ತಾರೆ ಅಂತ ಹೆದರ್ಕೊಂಡು ಆಗಲ್ಲ ಅಂದುಬಿಡ್ತಾರೆ.

ಗುಡಿಸೋದು ಆಟಕ್ಕಿಂತ ಮುಖ್ಯ. ಮಂಟಪದ ನೆಲ ಎಷ್ಟೇ ಒರೆಸಿದ್ರೂ ಮೂಲೇಲಿ, ಸ್ಟೇಜಿನ ಬುಡದಲ್ಲಿ ಹಿಂದಿನ ಮದುವೆಯ ಅಕ್ಷತೆ ಕಾಳು ಉಳಿದಿರತ್ತೆ. ಅರಿಶಿನ ಹಿಡಿದ ಒಂದು ಅಕ್ಕಿ ಕಾಳು ಬೇರಿಂಗಿನ ಕೆಳಗೆ ಸಿಕ್ತು ಅನ್ಕೊಳ್ಳಿ, ಸರಾಗವಾಗಿ ಹೋಗ್ತಿದ್ದ ಸ್ಟೋನ್ ಟಕ್ ಅಂತ ಮುಗ್ಗರಿಸಿ ಪಕ್ಕದ ಲೇನಿಗೆ ತಿರುಗತ್ತೆ, ಆಮೇಲೆ ಅದು ಲೆಕ್ಕವಾ ಮತ್ತೆ ತಳ್ಳಬಹುದಾ ಅಂತ ಕಾಲು ಗಂಟೆ ಚರ್ಚೆ. ಅದಕ್ಕೆ ನಮ್ಮ ಮೊದಲ್ನೇ ರೂಲು: ಮ್ಯಾಚಿಗೆ ಮುಂಚೆ ಎರಡೂ ಟೀಮಿನ ಒಬ್ಬೊಬ್ರು ಸೇರಿ ಲೇನ್ ಗುಡಿಸಿ ಒಣ ಬಟ್ಟೇಲಿ ಒರೆಸ್ಬೇಕು, ಮ್ಯಾಚ್ ಶುರುವಾದ್ಮೇಲೆ ಕಾಳು ಸಿಕ್ಕಿದ್ರೆ ಅದು ಹಣೆಬರಹ, ರೀಪ್ಲೇ ಇಲ್ಲ. ಗೆರೆಗೆ ಟೇಪ್ ಹಾಕ್ಬೇಡಿ, ಬೇರಿಂಗಿಗೆ ಟೇಪಿನ ದಪ್ಪವೂ ಗೊತ್ತಾಗತ್ತೆ. ನಡುವೆ ಒಬ್ರು ಸುತ್ತಳಿಯ ತುದಿ ಒತ್ತಿ ಹಿಡ್ಕೊಂಡು ಇನ್ನೊಬ್ರು ಸೀಮೆಸುಣ್ಣದಲ್ಲಿ ಸುತ್ತು ಬರೆದ್ರೆ ಹೌಸ್ ರೆಡಿ. ಒದ್ದೆ ಚಪ್ಪಲಿ, ಕೊಡೆ ಎಲ್ಲ ಬಾಗಿಲ ಹೊರಗೇ. ಒಳಗೆ ಎಲೆ ಅಡಿಕೆ ಹಾಕ್ಕೊಂಡು ಬರಬಾರ್ದು ಅನ್ನೋ ರೂಲನ್ನೂ ಬರೆದಿಡಿ, ಅಡಿಕೆ ಊರಲ್ಲಿ ಇದನ್ನ ಬರೀಬೇಕಾಗಿ ಬಂತಲ್ಲ ಅಂತ ಯಾರಾದ್ರೂ ನಕ್ಕರೆ ನಗ್ಲಿ.

ಟೀಮ್ ಹೇಗೆ ಮಾಡೋದು

ನಮ್ಮ ಲೀಗ್ ಮಿಕ್ಸೆಡ್, ಅಂದ್ರೆ ಟೀಮಲ್ಲಿ ಇಬ್ರು ಹೆಂಗಸ್ರು ಇಬ್ರು ಗಂಡಸ್ರು. 2015ರಲ್ಲಿ ಶುರುವಾದ ವರ್ಲ್ಡ್ ಮಿಕ್ಸೆಡ್ ಚಾಂಪಿಯನ್‌ಶಿಪ್ಪಲ್ಲೂ ಇದೇ ಲೆಕ್ಕ, ತಳ್ಳೋ ಸರದೀಲಿ ಹೆಂಗಸು ಗಂಡಸು ಒಬ್ರಾದ್ಮೇಲೆ ಒಬ್ರು ಬರ್ಬೇಕು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿಂದ ಟಿವೀಲಿ ತೋರ್ಸೋದು ಮಿಕ್ಸೆಡ್ ಡಬಲ್ಸ್, ಅದು ಇಬ್ರ ಆಟ, ಅದರ ರೂಲ್ಸೇ ಬೇರೆ, ಯೂಟ್ಯೂಬಲ್ಲಿ ಅದನ್ನ ನೋಡ್ಕೊಂಡು ಬಂದು ಇಲ್ಲಿ ವಾದ ಮಾಡೋರು ಇದ್ದೇ ಇರ್ತಾರೆ, ಮೊದ್ಲೇ ಹೇಳಿಬಿಡಿ.

ಈಗ ನನಗೆ ತುಂಬ ಮುಖ್ಯ ಅನ್ಸೋ ವಿಷಯ. ನಮ್ಮ ಕಡೆ ಮಿಕ್ಸೆಡ್ ಅಂತ ಯಾವ ಆಟ ಇಟ್ರೂ ಆಗೋದು ಒಂದೇ, ಹೆಂಗಸ್ರನ್ನ ಲೆಕ್ಕಕ್ಕೆ ಸೇರಿಸ್ಕೊಂಡು ಮೊದಲ ಎರಡು ಸರದಿ ಕೊಟ್ಟುಬಿಡೋದು, ಎಲ್ಲಿ ತಳ್ಬೇಕು ಎಷ್ಟು ಜೋರು ತಳ್ಬೇಕು ಅಂತ ಆ ಕಡೆಯಿಂದ ಭಾವ ಕೂಗ್ತಾ ಇರೋದು, ಕೊನೇ ಸ್ಟೋನ್ ಮಾತ್ರ ಭಾವನದ್ದೇ. ಕರ್ಲಿಂಗಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಯಾಕಂದ್ರೆ ಹೌಸಲ್ಲಿ ನಿಂತು ಪ್ಲಾನ್ ಹೇಳೋ ಸ್ಕಿಪ್ ಅನ್ನೋರ ಕೈಯಲ್ಲೇ ಪೂರ್ತಿ ಆಟ ಇರತ್ತೆ, ಉಳಿದ ಮೂರು ಜನ ಅವರು ಹೇಳಿದಲ್ಲಿಗೆ ತಳ್ಳೋದಷ್ಟೆ. ಇದಕ್ಕೆ ಮೂರು ರೂಲ್ ಹಾಕಿ, ಒಂದನ್ನೂ ಬಿಡಬೇಡಿ. ಸ್ಕಿಪ್ ಗಂಡಸಾದ್ರೆ ವೈಸ್ ಸ್ಕಿಪ್ ಹೆಂಗಸೇ ಆಗ್ಬೇಕು, ಅದು ತಿರುಗಾ ಮುರುಗಾ ಆದ್ರೂ ಸರಿ. ಸ್ಕಿಪ್ ತಳ್ಳೋಕೆ ಹೋದಾಗ ಹೌಸಲ್ಲಿ ನಿಂತು ಹೇಳೋದು ವೈಸ್ ಸ್ಕಿಪ್ಪೇ. ಎರಡ್ನೇದು, ಪ್ರತಿ ಟೀಮಲ್ಲೂ ಒಂದು ಮ್ಯಾಚಲ್ಲಿ ಗಂಡಸು ಸ್ಕಿಪ್ ಆದ್ರೆ ಮುಂದಿನ ಮ್ಯಾಚಲ್ಲಿ ಹೆಂಗಸು, ಫೈನಲ್ ಅಂತ ಬದಲಾಯಿಸೋ ಹಾಗಿಲ್ಲ. ಮೂರ್ನೇದು, ಸ್ಟೋನ್ ಹಿಡಿದೋರಿಗೆ ಹೌಸಲ್ಲಿ ನಿಂತ ಸ್ಕಿಪ್ ಅಥವಾ ವೈಸ್ ಸ್ಕಿಪ್ ಒಬ್ರೇ ಹೇಳ್ಬೇಕು, ಲೇನಿನ ಪಕ್ಕದಿಂದ, ಕುರ್ಚಿಯಿಂದ, ಬಾಲ್ಕನಿಯಿಂದ ಯಾರೂ ಸಲಹೆ ಕೂಗೋ ಹಾಗಿಲ್ಲ, ಕೂಗಿದ್ರೆ ಒಂದ್ಸಲ ವಾರ್ನಿಂಗ್, ಎರಡ್ನೇ ಸಲ ಆ ಟೀಮಿನ ಅವತ್ತಿನ ಸ್ಕೋರಲ್ಲಿ ಒಂದು ಪಾಯಿಂಟ್ ಕಟ್. ಕಠಿಣ ಆಯ್ತು ಅನ್ನಬಹುದು. ಸ್ಕಿಪ್ ಜಾಗದಲ್ಲಿ ಅತ್ತಿಗೆ ನಿಂತು, ಗಾರ್ಡ್ (ಹೌಸಿನ ಮುಂದೆ ಕಾವಲಿಗೆ ನಿಂತ ಸ್ಟೋನ್) ಹಿಂದೆ ಮೆಲ್ಲಗೆ ಇಡು ಅಂತ ಬೆರಳು ತೋರ್ಸಿದಾಗ ಭಾವ ಹಲ್ಲು ಕಚ್ಕೊಂಡು ಹಾಗೇ ತಳ್ಳೋದನ್ನ ಒಂದ್ಸಲ ನೋಡಿ, ಆಮೇಲೆ ಹೇಳಿ.

ಗಂಡ ಹೆಂಡ್ತಿ ಒಂದೇ ಟೀಮಲ್ಲಿ ಇರ್ಲೇಬೇಕು ಅಂತ ಇಲ್ಲ, ಚೀಟಿ ಎತ್ತಿ ಹಾಕಿದ್ರೆ ಒಳ್ಳೇದು, ಮನೆಗೆ ಹೋಗಿ ಆಟ ಮುಂದುವರೆಯೋದು ತಪ್ಪತ್ತೆ.

ಬಗ್ಗೋಕೆ ಆಗ್ದೋರಿಗೆ ಕೋಲು. ನಿಂತ್ಕೊಂಡು ಕೋಲಲ್ಲಿ ಸ್ಟೋನ್ ತಳ್ಳೋದು ಅಸಲಿ ಕರ್ಲಿಂಗಲ್ಲೂ ಇದೆ, ವೀಲ್‌ಚೇರ್ ಕರ್ಲಿಂಗ್ ನಡೆಯೋದೇ ಬಹುಪಾಲು ಅದರ ಮೇಲೆ. ಪ್ಯಾರಾಲಿಂಪಿಕ್ಸಲ್ಲಿ 2006ರ ಟೂರಿನ್‌ನಿಂದ ಆ ಆಟ ಇದೆ, ಅದರ ಟೀಮ್ ಕೂಡ ಹೆಂಗಸ್ರು ಗಂಡಸ್ರು ಸೇರಿದ್ದು, ಅಲ್ಲಿ ಐಸ್ ಉಜ್ಜೋ ಕೆಲಸವೇ ಇಲ್ಲ. ನಮಗೂ ಅದೇ ಸಾಕು. ಐಸಲ್ಲಿ ಬ್ರಷ್‌ನಿಂದ ಉಜ್ಜಿದ್ರೆ ಸ್ಟೋನ್ ಇನ್ನೂ ದೂರ, ಇನ್ನೂ ನೇರ ಹೋಗತ್ತೆ, ಗ್ರಾನೈಟ್ ಮೇಲೆ ಉಜ್ಜಿದ್ರೆ ಏನೂ ಆಗಲ್ಲ, ಪೊರಕೆ ಹಿಡ್ಕೊಂಡು ಓಡೋದು ಫೋಟೋಗೆ ಮಾತ್ರ.

ಆಟದ ರೂಲ್ಸ್, ಬೇಕಾದಷ್ಟು ಮಾತ್ರ

ಮೊದಲ್ನೇ ಎಂಡಿಗೆ ಟಾಸ್. ಗೆದ್ದೋರು ಕೊನೇ ಸ್ಟೋನ್ ತಗೊಳ್ತಾರೆ, ಅದಕ್ಕೆ ಹ್ಯಾಮರ್ ಅಂತಾರೆ. ಆಮೇಲೆ ಪ್ರತಿ ಎಂಡಲ್ಲೂ ಪಾಯಿಂಟ್ ಮಾಡ್ದೆ ಇದ್ದ ಟೀಮಿಗೆ ಮುಂದಿನ ಎಂಡಿನ ಹ್ಯಾಮರ್. ಯಾರಿಗೂ ಪಾಯಿಂಟ್ ಬರ್ಲಿಲ್ಲ ಅಂದ್ರೆ ಹ್ಯಾಮರ್ ಇದ್ದೋರಿಗೇ ಉಳಿಯತ್ತೆ. ತಳ್ಳೋ ಗೆರೆ ದಾಟೋ ಮುಂಚೆ ಕೈ ಬಿಡ್ಬೇಕು. ಲೇನಿನ ಮಧ್ಯದಲ್ಲಿ ಒಂದು ಗೆರೆ ಹಾಕಿ, ಹಾಗ್ ಲೈನ್ ಅಂತ, ಅದನ್ನ ದಾಟ್ದೆ ನಿಂತ ಸ್ಟೋನ್ ಔಟ್. ಅಸಲಿ ಆಟದಲ್ಲಿ ಎಂಡಿನ ಮೊದಲ ಐದು ಸ್ಟೋನ್ ಆಗೋವರೆಗೂ ಹೌಸಿನ ಮುಂದೆ ಕಾವಲಿಗೆ ನಿಂತ ಎದುರಾಳಿಯ ಗಾರ್ಡನ್ನ ಹೊಡೆದು ಹೊರಗೆ ಹಾಕೋ ಹಾಗಿಲ್ಲ. ಇದನ್ನ ಹಾಗೇ ಇಟ್ಕೊಳ್ಳಿ, ಇಲ್ಲಾಂದ್ರೆ ಜೋರಾಗಿ ತಳ್ಳೋ ಹುಡುಗ್ರು ಕಂಡಿದ್ದೆಲ್ಲ ಹೊಡೆದು ಗುಡಿಸಿ ಹಾಕಿ ಆಟಾನೇ ಸಪ್ಪೆ ಮಾಡ್ತಾರೆ, ನಿಧಾನಕ್ಕೆ ಜಾಗ ನೋಡಿ ಇಡೋರಿಗೆ ಬೆಲೆನೇ ಇರಲ್ಲ.

ಓಡ್ತಿರೋ ಸ್ಟೋನಿಗೆ ಕಾಲು ತಾಗಿದ್ರೆ, ಸೀರೆ ಸೆರಗು ತಾಗಿದ್ರೂ ಸರಿ, ತಾಗಿಸಿದೋರೇ ಬಾಯಿಬಿಟ್ಟು ಹೇಳ್ಬೇಕು. ಅವರದ್ದೇ ಟೀಮಿನ ಸ್ಟೋನ್ ಆದ್ರೆ ತೆಗೆದುಬಿಡೋದು. ಕರ್ಲಿಂಗ್ ಕ್ಲಬ್ಬುಗಳಲ್ಲಿ ಮಾಮೂಲಿ ಮ್ಯಾಚಿಗೆ ಅಂಪೈರ್ ಇರಲ್ಲ, ತಪ್ಪನ್ನ ಮಾಡಿದೋರೇ ಹೇಳೋದು ಆ ಆಟದ ಪದ್ಧತಿ. ಅಂಪೈರ್ ಇಲ್ದೆ ನಮ್ಮೂರಲ್ಲಿ ಮ್ಯಾಚ್ ನಡೆಯತ್ತಾ ಅಂತ ಕೇಳ್ತೀರಿ. ನಡೆಯತ್ತೆ, ಅಳತೆ ಒಂದು ಸರಿ ಇದ್ರೆ. ಎರಡು ಸ್ಟೋನಲ್ಲಿ ಯಾವುದು ಹತ್ರ ಅಂತ ಕಣ್ಣಿಗೆ ಗೊತ್ತಾಗ್ಲಿಲ್ಲ ಅಂದ್ರೆ ವೈಸ್ ಸ್ಕಿಪ್ಪುಗಳು ಇಬ್ರೇ ಹೌಸಿಗೆ ಬರ್ಬೇಕು, ಬೇರೆ ಯಾರೂ ಒಳಗೆ ಕಾಲಿಡೋ ಹಾಗಿಲ್ಲ. ಒಬ್ರು ಸುತ್ತಳಿಯ ತುದಿಯನ್ನ ಬಟನ್ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡೀತಾರೆ, ಇನ್ನೊಬ್ರು ಬಿಗಿಯಾಗಿ ಎಳೆದು ಮೊದಲ ಸ್ಟೋನಿನ ಒಳ ಅಂಚಿಗೆ ತಂದು ಅಲ್ಲಿ ಉಗುರಲ್ಲಿ ಚಿವುಟಿ ಹಿಡ್ಕೊಂಡು, ಹಾಗೇ ತಿರುಗಿಸಿ ಎರಡ್ನೇ ಸ್ಟೋನಿಗೆ ಇಡ್ತಾರೆ. ಉಗುರು ಸ್ಟೋನಿಗೆ ಬಡಿದ್ರೆ ಅದು ಹತ್ರ, ನಡುವೆ ಬೆಳಕು ಕಂಡ್ರೆ ದೂರ. ಅಳತೆ ಮಾಡೋವಾಗ ಸ್ಟೋನ್ ಅಲ್ಲಾಡಿಸಿದ್ರೆ ಪಾಯಿಂಟ್ ಎದುರಿನೋರಿಗೆ. ಮೊಬೈಲಲ್ಲಿ ಫೋಟೋ ತೆಗೆದು ಝೂಮ್ ಮಾಡಿ ತೋರ್ಸೋದಕ್ಕೆ ಅವಕಾಶ ಕೊಡ್ಲೇಬೇಡಿ, ಕ್ಯಾಮೆರಾ ಯಾವ ಕಡೆಯಿಂದ ಹಿಡಿದ್ರು ಅನ್ನೋದ್ರ ಮೇಲೆ ಹತ್ರ ದೂರ ಬದಲಾಗತ್ತೆ.

ಬರೋದು, ಬರ್ದೇ ಇರೋದು

ಲೀಗ್ ಉಳಿಯತ್ತೋ ಇಲ್ವೋ ಅನ್ನೋದು ಟೈಮಿಗೆ ಬರೋದ್ರ ಮೇಲೇ ಇದೆ. ಐಸಲ್ಲಿ ಮಿಕ್ಸೆಡ್ ಮ್ಯಾಚಿಗೆ 8 ಎಂಡ್, ನಮಗೆ 6 ಸಾಕು. ಸ್ಟೋನಿಗೆ ಅರ್ಧ ನಿಮಿಷ ಹಿಡಿದ್ರೂ ಎಂಡಿಗೆ 8 ನಿಮಿಷ, ಅಳತೆ, ಮಾತು ಸೇರಿ 10, ಒಟ್ಟು ಒಂದು ಗಂಟೇಲಿ ಮ್ಯಾಚ್ ಮುಗೀಬೇಕು. 55 ನಿಮಿಷ ಆದ್ಮೇಲೆ ಹೊಸ ಎಂಡ್ ಶುರು ಮಾಡೋ ಹಾಗಿಲ್ಲ. ಎಂಟು ಟೀಮ್ ಇದ್ರೆ ಎಲ್ಲರ ಜೊತೆ ಎಲ್ಲರೂ ಆಡೋಕೆ 28 ಮ್ಯಾಚ್, ಅಂದ್ರೆ ಒಂದೊಂದು ಟೀಮಿಗೆ ಏಳು. ಎರಡು ಲೇನ್ ಇದ್ರೆ ಒಂದು ಸಂಜೆಗೆ ನಾಲ್ಕು ಮ್ಯಾಚ್, ವಾರಕ್ಕೆ ಎರಡು ಸಂಜೆ ಇಟ್ಕೊಂಡ್ರೆ ಆಷಾಢದೊಳಗೆ ಲೀಗ್ ಮುಗಿಯತ್ತೆ. ಶ್ರಾವಣ ಬಂದ್ರೆ ಮಂಟಪ ಮತ್ತೆ ಬುಕ್ ಆಗೋಕೆ ಶುರು, ನಿಮ್ಮನ್ನ ಯಾರೂ ಕೇಳಲ್ಲ. ಸ್ಟೋನ್ ಕಮ್ಮಿ ಇದ್ರೆ ಒಬ್ಬೊಬ್ರಿಗೆ ಒಂದೇ ಸ್ಟೋನ್ ಕೊಟ್ಟು ಎಂಡ್ ಜಾಸ್ತಿ ಮಾಡ್ಕೊಳ್ಳಿ, ಆವಾಗ ಮೊದಲ ಐದಲ್ಲ ಮೊದಲ ಮೂರು ಸ್ಟೋನಿಗೆ ಗಾರ್ಡ್ ರೂಲ್ ಸಾಕು.

ಲೇಟಾಗಿ ಬರೋರಿಗೆ: 10 ನಿಮಿಷ ತಡ ಆದ್ರೆ ಎದುರಿನೋರಿಗೆ ಒಂದು ಪಾಯಿಂಟ್ ಜೊತೆಗೆ ಮೊದಲ ಹ್ಯಾಮರ್, 20 ನಿಮಿಷ ಆದ್ರೆ ಮ್ಯಾಚೇ ಅವರದ್ದು. ಮಳೆ ಅಂತ ಕಾರಣ ಹೇಳೋ ಹಾಗಿಲ್ಲ, ಮಲೆನಾಡಲ್ಲಿ ಆಷಾಢದಲ್ಲಿ ಮಳೆ ಬಂತು ಅಂದ್ರೆ ಯಾರು ಕೇಳ್ತಾರೆ. ಮರ ಬಿದ್ದು ರಸ್ತೆ ಬಂದ್ ಆಗಿದ್ರೆ ಮಾತ್ರ ಫೋಟೋ ಹಾಕಿ ಮ್ಯಾಚ್ ಮುಂದಕ್ಕೆ.

ಅಡಿಕೆ ತೋಟ ಇರೋರ ಕಥೆ ಬೇರೆ, ಅವರಿಗೆ ರೂಲಲ್ಲೇ ಜಾಗ ಬಿಡಿ. ಕೊಳೆ ರೋಗಕ್ಕೆ ಔಷಧಿ ಹೊಡೆಸೋಕೆ ಮಳೆ ಬಿಟ್ಟು ಹೊಳವಾಗ್ಬೇಕು, ಅದೇ ದಿನ ಮರ ಹತ್ತೋ ಕೊನೆಗಾರ ಸಿಗ್ಬೇಕು, ಎರಡೂ ಕೂಡಿ ಬಂದ ದಿನ ಆಟ ಅಂತ ಯಾರೂ ಬರಲ್ಲ, ಬರೋದೂ ತಪ್ಪು. ಅವತ್ತು ಮಧ್ಯಾಹ್ನದೊಳಗೆ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ರೆ ಸಾಕು, ದಂಡ ಇಲ್ಲ. ಅದಕ್ಕೇ ಟೀಮಿನ ಹೊರಗೆ ಸ್ಪೇರ್ ಆಟಗಾರರ ಒಂದು ಪಟ್ಟಿ ಇಟ್ಕೊಳ್ಳಿ, ಹೆಂಗಸಿನ ಬದಲು ಹೆಂಗಸು, ಗಂಡಸಿನ ಬದಲು ಗಂಡಸು, ಸ್ಪೇರ್ ಬಂದೋರು ಸ್ಕಿಪ್ ಆಗೋ ಹಾಗಿಲ್ಲ. ಸ್ಪೇರೂ ಸಿಗ್ಲಿಲ್ಲ ಅಂದ್ರೆ ಮೂರೇ ಜನ ಆಡಬಹುದು, ಮೊದಲಿಬ್ರು ಮೂರು ಮೂರು ಸ್ಟೋನ್, ಮೂರ್ನೇಯವರು ಎರಡು, ಅವತ್ತು ಸರದಿ ರೂಲ್ ಸಡಿಲ. ಆದ್ರೆ ಆ ಮೂರರಲ್ಲಿ ಇರೋಳು ಒಬ್ಬಳೇ ಹೆಂಗಸಾದ್ರೆ ಅವಳು ಸ್ಕಿಪ್ ಅಥವಾ ವೈಸ್ ಸ್ಕಿಪ್ ಆಗಿರ್ಲೇಬೇಕು. ಮೂರೂ ಗಂಡಸ್ರೇ ಬಂದ್ರೆ ಮ್ಯಾಚ್ ಸೋತ ಹಾಗೆ, ಬೇಕಿದ್ರೆ ಸುಮ್ನೆ ಪ್ರಾಕ್ಟೀಸ್ ಆಡ್ಕೊಂಡು ಹೋಗ್ಲಿ.

ಕರೆಂಟ್ ಹೋಗತ್ತೆ, ಹೋಗೇ ಹೋಗತ್ತೆ. ಸ್ಟೋನ್ ಓಡ್ತಿರೋವಾಗ ಹೋದ್ರೆ ಅದೊಂದನ್ನ ಮತ್ತೆ ತಳ್ಳೋದು, ನಿಂತ ಸ್ಟೋನುಗಳನ್ನ ಮುಟ್ಟೋ ಹಾಗಿಲ್ಲ, ಹೌಸಿನ ಪಕ್ಕ ಎರಡೂ ಟೀಮಿನ ಒಬ್ಬೊಬ್ರು ಮೊಬೈಲ್ ಟಾರ್ಚ್ ಹಾಕ್ಕೊಂಡು ನಿಲ್ಲೋದು. ಕಾಲು ಗಂಟೇಲಿ ಬರ್ಲಿಲ್ಲ ಅಂದ್ರೆ ಮುಗಿದ ಎಂಡುಗಳ ಸ್ಕೋರೇ ಫೈನಲ್, ಮೂರು ಎಂಡೂ ಆಗಿಲ್ಲ ಅಂದ್ರೆ ಬೇರೆ ದಿನ.

ಮ್ಯಾಚ್ ಗೆದ್ರೆ ಲೀಗ್ ಪಟ್ಟಿಯಲ್ಲಿ ಎರಡು ಪಾಯಿಂಟ್, ಟೈ ಆದ್ರೆ ಒಂದೊಂದು. ಪಟ್ಟಿಯಲ್ಲಿ ಸಮ ಬಂದ್ರೆ ಅವರಿಬ್ರು ಆಡಿದ ಮ್ಯಾಚ್ ನೋಡಿ, ಅದೂ ಸಮ ಅಂದ್ರೆ ಟೀಮಿಗೊಬ್ರು ಒಂದು ಸ್ಟೋನ್ ತಳ್ಳಿ ಬಟನ್‌ಗೆ ಯಾರದ್ದು ಹತ್ರ ಅಂತ ಅಳೆಯೋದು. ಒಟ್ಟು ಎಷ್ಟು ಪಾಯಿಂಟ್ ಹೊಡೆದ್ರು ಅಂತ ಲೆಕ್ಕ ಹಾಕ್ಬೇಡಿ, ಹಾಕಿದ್ರೆ ಸೋಲ್ತಿರೋ ಟೀಮನ್ನ ಇನ್ನೂ ಚಚ್ಚೋಕೆ ಶುರು ಮಾಡ್ತಾರೆ. ಆಗಲ್ಲ ಅನ್ಸಿದಾಗ ಕೈಕೊಟ್ಟು ಮ್ಯಾಚ್ ಬಿಟ್ಟುಕೊಡೋದು ಕರ್ಲಿಂಗಲ್ಲಿ ಮರ್ಯಾದೆಯ ವಿಷಯವೇ, ಅದಕ್ಕೆ ನಮ್ಮಲ್ಲೂ ಅವಕಾಶ ಇರ್ಲಿ. ಶುರುವಲ್ಲಿ ಕೊನೇಲಿ ಎಲ್ಲರೂ ಎಲ್ಲರಿಗೂ ಕೈಕೊಡ್ಬೇಕು, ನಮಸ್ಕಾರ ಮಾಡ್ತೀನಿ ಅನ್ನೋರು ನಮಸ್ಕಾರ ಮಾಡ್ಲಿ.

ಕ್ಯಾಶ್ ಪ್ರೈಜ್ ಇಡ್ಬೇಡಿ, ಇಟ್ಟ ದಿನವೇ ಹೊರಗಿನ ಊರಿಂದ ಆಟಗಾರರನ್ನ ಕರೆಸೋದು ಶುರು. ಎಂಟ್ರಿ ಫೀ ಮಂಟಪದ ಬಾಡಿಗೆ, ಸ್ಟೋನು, ಗುಡಿಸೋರ ಕೂಲಿಗೆ ಸರಿಹೋದ್ರೆ ಆಯ್ತು, ಲೆಕ್ಕವನ್ನ ಪ್ರತಿ ವಾರ ಗ್ರೂಪಿಗೆ ಹಾಕಿ. ಗೆದ್ದೋರು ಸೋತೋರಿಗೆ ಕುಡಿಯೋಕೆ ಕೊಡ್ಸೋದು ಕರ್ಲಿಂಗ್ ಕ್ಲಬ್ಬುಗಳ ಹಳೇ ಪದ್ಧತಿ, ಇಲ್ಲಿ ಅದು ಕಾಫಿ, ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಆಗ್ಲಿ, ಆದ್ರೆ ಎಣ್ಣೆ ಕೈ ಒರೆಸ್ಕೊಳ್ದೆ ಯಾರೂ ಸ್ಟೋನ್ ಮುಟ್ಟಬಾರ್ದು, ಅದನ್ನೂ ರೂಲ್ಸ್ ಹಾಳೆಯಲ್ಲಿ ಸೇರಿಸ್ಬಿಡಿ.