ಗಿಡ್ಡದ ಹೊಟ್ಟೆಯಲ್ಲಿ ಜೆರ್ಸಿ ಕರು: ನನ್ನ ಅನುಭವ

2008ರಲ್ಲಿ ನಮ್ಮ ಕೊಟ್ಟಿಗೆಯಲ್ಲಿ 17 ಮಲೆನಾಡು ಗಿಡ್ಡ ಹಸುಗಳಿದ್ದವು. ಅವುಗಳಲ್ಲಿ ಕರೆಯುತ್ತಿದ್ದವು 7. ಮನೆಯ ಖರ್ಚು ಕಳೆದು ಡೇರಿಗೆ ಹೋಗುತ್ತಿದ್ದ ಹಾಲು ದಿನಕ್ಕೆ 6 ಲೀಟರ್. ಹಾಲು ಹೆಚ್ಚಬೇಕು, ಆದರೆ ಹಸುವಿನ ಗಟ್ಟಿತನ ಕೈಬಿಡಬಾರದು ಎಂಬ ಆಸೆಯಿಂದ ಆ ವರ್ಷ ಆರಂಭಿಸಿದ ಮಿಶ್ರತಳಿಯ ಕೆಲಸವನ್ನು ಇಂದಿಗೂ ನಡೆಸಿಕೊಂಡು ಬಂದಿದ್ದೇನೆ. ಗಿಡ್ಡ ಹಸುವಿಗೆ ಜೆರ್ಸಿ ಹೋರಿಯ ವೀರ್ಯ ಕೊಡಿಸಬಹುದೇ ಎಂದು ನನ್ನನ್ನು ಕೇಳುವವರಿಗೆ ಒಂದೇ ಮಾತಿನಲ್ಲಿ ಉತ್ತರಿಸಲು ಸಾಧ್ಯವಾಗದ ಕಾರಣ, ನಡೆದದ್ದನ್ನು ನಡೆದಂತೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆಗೆ ಹತ್ತಿರವಿರುವ ಹಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯ ನೆಲ ಒಣಗುವುದೆಂಬುದಿಲ್ಲ. ಇಂತಹ ಕಡೆ ಬಾಳುವ ದನವೆಂದರೆ ಗಿಡ್ಡವೇ. ನಿಂತರೆ ಮೂರು ಅಡಿ, ತೂಗಿದರೆ 100ರಿಂದ 120 ಕಿಲೋ. ಬೆಳಿಗ್ಗೆ ಗುಡ್ಡ ಹತ್ತಿ, ಸೊಪ್ಪುಸದೆ ಮೇದು, ಮಳೆಯಲ್ಲಿ ತೊಯ್ದು, ಇಂಬಳ ಕಚ್ಚಿಸಿಕೊಂಡು ಸಂಜೆ ತಾನಾಗಿಯೇ ಮನೆಗೆ ಬರುತ್ತದೆ. ಕೊಟ್ಟಿಗೆಯಲ್ಲಿ ಅದು ಕೇಳುವುದು ಒಂದು ಬಕೆಟ್ ಅಕ್ಕಚ್ಚು ಮತ್ತು ಒಂದು ಹಿಡಿ ಒಣಹುಲ್ಲನ್ನು ಮಾತ್ರ. ಕರ್ನಾಲ್‌ನ ರಾಷ್ಟ್ರೀಯ ಪಶು ಅನುವಂಶೀಯ ಸಂಪನ್ಮೂಲ ಬ್ಯೂರೋ ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ನಮ್ಮವರು ಮಾತ್ರ ಇಂದಿಗೂ ಇದನ್ನು ಬರೀ ಊರುದನವೆಂದೇ ಕರೆಯುತ್ತಾರೆ, ಆ ಮಾತಿನಲ್ಲಿ ಇರುವ ಅಸಡ್ಡೆ ನನಗೆ ನೋವು ತರುತ್ತದೆ. ಬಯಲುಸೀಮೆಯಿಂದ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್ ಎಂಬ ದೊಡ್ಡ ಗಾತ್ರದ ವಿದೇಶಿ ತಳಿ) ಹಸು ತಂದವರು ನಮ್ಮಲ್ಲಿಯೂ ಇದ್ದಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಗೊರಸು ಕೊಳೆತು, ಕೆಚ್ಚಲು ಬಾವು ಬಂದು, ಹೆಚ್ಚಿನವು ಕೊಟ್ಟಿಗೆ ಬಿಟ್ಟವು. ಯುರೋಪಿನ ಹಾಲಿನ ತಳಿಗಳಲ್ಲಿ ಗಾತ್ರದಲ್ಲಿ ಚಿಕ್ಕದು, ಹಾಲಿನಲ್ಲಿ ಕೊಬ್ಬು ಹೆಚ್ಚು ಎಂಬ ಎರಡು ಕಾರಣಗಳಿಂದ ನಾನು ಜೆರ್ಸಿಯನ್ನು ಆರಿಸಿಕೊಂಡೆ.

ಮೊದಲ ಹೆಜ್ಜೆಯಲ್ಲೇ ತಪ್ಪಿದೆ. ಕಪ್ಪಿ ಎಂಬ ನಮ್ಮ ಕಡಸು ಮೊದಲ ಸಲ ಬೆದೆಗೆ ಬಂದಾಗ, ಎಳೆಯ ಪ್ರಾಯ, ಗಬ್ಬ ಚೆನ್ನಾಗಿ ನಿಲ್ಲುತ್ತದೆ ಎಂದುಕೊಂಡು ಜೆರ್ಸಿ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಕೊಡಿಸಿದೆ. 2009ರ ಆಷಾಢದ ಒಂದು ರಾತ್ರಿ ಅದಕ್ಕೆ ಹೆರಿಗೆ ನೋವು ಬಂದಿತು. ಲಾಂದ್ರದ ಬೆಳಕಿನಲ್ಲಿ ನೋಡುತ್ತೇನೆ, ಕರುವಿನ ಎರಡು ಮುಂಗಾಲು ಹೊರಗೆ ಬಂದಿವೆ, ಗೊರಸಿನ ತುದಿ ಬೆಣ್ಣೆಯಂತೆ ಹಳದಿಯಾಗಿದೆ, ಮೊಣಕಾಲಿನ ಗಂಟು ಗಿಡ್ಡ ಕರುವಿನದಕ್ಕಿಂತ ಎರಡು ಪಟ್ಟು ದಪ್ಪವಿದೆ. ಆದರೆ ಮೂತಿ ಕಾಣುತ್ತಿಲ್ಲ. ಕೈ ಹಾಕಿದರೆ ಹಣೆ ಎಲುಬಿಗೆ ತಾಗಿ ನಿಂತಿತ್ತು. ಹಳ್ಳ ತುಂಬಿದ್ದರಿಂದ ಪಶುವೈದ್ಯರು ಬರುವಾಗ ಮೂರು ಗಂಟೆ ಕಳೆದಿತ್ತು. ಅವರು ಹಗ್ಗ ಕಟ್ಟಿ ಬಹಳ ಜಾಗ್ರತೆಯಿಂದ ಎಳೆದು ತೆಗೆದ ಕರು ಆಗಲೇ ಸತ್ತಿತ್ತು. ಬೆಳಿಗ್ಗೆ ಅಡಿಕೆ ತೂಗುವ ತಕ್ಕಡಿಗೆ ಹಾಕಿದಾಗ 17 ಕಿಲೋ ತೂಗಿತು. ನಮ್ಮ ಗಿಡ್ಡ ಕರುಗಳು ಹುಟ್ಟುವಾಗ 9 ಕಿಲೋ ಇದ್ದರೆ ಹೆಚ್ಚು. ಕಪ್ಪಿಯ ಹಿಂಗಾಲಿಗೆ ಶಕ್ತಿ ಬರಲೇ ಇಲ್ಲ. ಕರು ಸಿಕ್ಕಿಕೊಂಡಾಗ ಒಳಗಿನ ನರ ಜಜ್ಜಿಹೋಗಿದೆ ಎಂದು ವೈದ್ಯರು ಹೇಳಿದರು. ದಪ್ಪಗೆ ದರಗು ಹಾಸಿ, ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸಿ, 11 ದಿನ ನೋಡಿಕೊಂಡೆವು, ಎದ್ದು ನಿಲ್ಲಲಿಲ್ಲ. ಅಪ್ಪಯ್ಯ ನನ್ನನ್ನು ಬೈಯಲಿಲ್ಲ. "ಹೋರಿ ನೋಡುವ ಮೊದಲು ಹಸುವಿನ ಹಿಂಭಾಗ ನೋಡಬೇಕಿತ್ತು ಮಾರಾಯ" ಎಂದಷ್ಟೇ ಹೇಳಿ ತೋಟಕ್ಕೆ ಹೋದರು.

ಅಲ್ಲಿಂದ ಮುಂದೆ ನಾನು ಯಾವ ಕಡಸಿಗೂ ಜೆರ್ಸಿ ಕೊಡಿಸಿಲ್ಲ. ಮೊದಲ ಎರಡು ಕರು ಊರ ಗಿಡ್ಡ ಹೋರಿಯದೇ ಆಗಬೇಕು. ಮೂರನೆಯ ಸೂಲಿನಿಂದ ಮಾತ್ರ ಜೆರ್ಸಿಯ ಯೋಚನೆ. ಆಗಲೂ ಎಲ್ಲ ಹಸುಗಳಿಗೂ ಅಲ್ಲ. ಹೊಲಿಗೆಯ ಟೇಪು ತಂದು ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯುತ್ತೇನೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹಸುವಿನ ತೂಕ ಸುಮಾರಾಗಿ ಕಿಲೋದಲ್ಲಿ ಸಿಗುತ್ತದೆ. ಎದೆ 46 ಇಂಚು, ಉದ್ದ 36 ಇಂಚು ಇರುವ ಹಸು 115 ಕಿಲೋ. ಎದೆ 48 ಇಂಚಿಗೆ ಏರಿದರೆ ಅದೇ ಉದ್ದದ ಹಸು 126 ಕಿಲೋ. ನಾನು ಇಟ್ಟುಕೊಂಡ ಗಡಿ ಈ 48 ಇಂಚು. ತೂಕಕ್ಕಿಂತಲೂ ಮುಖ್ಯವಾದದ್ದು ಬಾಲದ ಬುಡದ ಎರಡು ಬದಿಯ ಮೂಳೆಗಳ ನಡುವಿನ ಅಗಲ. ಅಲ್ಲಿ ನನ್ನ ಅಂಗೈ ಅಡ್ಡಲಾಗಿ ಸರಾಗವಾಗಿ ಕೂರದಿದ್ದರೆ, ಹಸು ಎಷ್ಟೇ ದಷ್ಟಪುಷ್ಟವಾಗಿದ್ದರೂ ಅದನ್ನು ಗಿಡ್ಡ ಹೋರಿಗೇ ಬಿಡುತ್ತೇನೆ.

ಕರುವಿನ ಗಾತ್ರವನ್ನು ತಂದೆ ಒಬ್ಬನೇ ನಿರ್ಧರಿಸುವುದಿಲ್ಲ ಎಂಬುದು ಇಲ್ಲಿ ನಮಗೆ ದೊಡ್ಡ ಆಸರೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ದೈತ್ಯ ಗಾತ್ರದ ಶೈರ್ ಕುದುರೆಯನ್ನೂ ಪುಟ್ಟ ಶೆಟ್ಲೆಂಡ್ ಕುದುರೆಯನ್ನೂ ಎರಡೂ ಬಗೆಯಲ್ಲಿ ಕೂಡಿಸಿ ನೋಡಿ, ಮರಿಯ ಗಾತ್ರ ಹುಟ್ಟುವಾಗ ತಾಯಿಯ ಗಾತ್ರವನ್ನು ಅನುಸರಿಸುತ್ತದೆ ಎಂದು 1938ರಲ್ಲೇ ಪ್ರಕಟಿಸಿದ್ದರು. ನನ್ನ ಕೊಟ್ಟಿಗೆಯ ಪುಸ್ತಕವೂ ಅದನ್ನೇ ಹೇಳುತ್ತದೆ: ಅಗಲವಾದ ಗಿಡ್ಡ ಹಸುಗಳಲ್ಲಿ ಹುಟ್ಟಿದ ಜೆರ್ಸಿ ಮಿಶ್ರ ಕರುಗಳು ಹೆಚ್ಚಾಗಿ 13ರಿಂದ 15 ಕಿಲೋ ತೂಗಿವೆ. ಹಾಗೆಂದು ಹೋರಿಯನ್ನು ಕಡೆಗಣಿಸುವಂತಿಲ್ಲ. ವೀರ್ಯದ ಕಡ್ಡಿಯ (ವೀರ್ಯ ತುಂಬಿದ ಸಣ್ಣ ಕೊಳವೆಯ) ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಇಂಜೆಕ್ಷನ್ ಆದ ಕೂಡಲೇ ಖಾಲಿ ಕಡ್ಡಿಯನ್ನು ಕೇಳಿ ಪಡೆದು, ಆ ಸಂಖ್ಯೆಯನ್ನು ಬರೆದಿಟ್ಟು, ಕರು ಹುಟ್ಟಿದ ದಿನವೇ ತೂಕ ನೋಡುತ್ತೇನೆ. ಒಂದು ಹೋರಿಯ ಎರಡು ಕರು 16 ಕಿಲೋ ದಾಟಿದರೆ ಅದೇ ಹೋರಿಯ ಕಡ್ಡಿಯನ್ನು ಮತ್ತೆ ಹಾಕಿಸುವುದಿಲ್ಲ. ಗಬ್ಬದ ಹಸುವನ್ನು ಕಟ್ಟಿಹಾಕಿ ಹಿಂಡಿ ತಿನ್ನಿಸುವ ಅಭ್ಯಾಸವನ್ನೂ ಬಿಟ್ಟೆ. ಕೊಬ್ಬು ಕಟ್ಟಿದರೆ ಹೆರುವ ದಾರಿ ಕಿರಿದಾಗುತ್ತದೆ. ಎಂಟನೇ ತಿಂಗಳು ತುಂಬುವವರೆಗೂ ಅದು ಗುಡ್ಡಕ್ಕೆ ನಡೆದು ಹೋಗಿ ಬರುವುದೇ ಒಳ್ಳೆಯದು.

ಕೃತಕ ಗರ್ಭಧಾರಣೆಯಲ್ಲಿ ಗಿಡ್ಡ ಹಸುವಿನ ತೊಂದರೆಗಳೇ ಬೇರೆ. ಅದರ ಬೆದೆ ಮೂಕ ಬೆದೆ. ಕೂಗುವುದಿಲ್ಲ, ಲೋಳೆ ಸುರಿಸುವುದೂ ಕಡಿಮೆ. ಗುಡ್ಡದಲ್ಲಿರುವಾಗಲೇ ಬೆದೆ ಬಂದು ಇಳಿದೂ ಹೋಗಬಹುದು. ಹಿಂದಿನ ಬೆದೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, 19ನೇ ದಿನದಿಂದ 22ನೇ ದಿನದವರೆಗೆ ಆ ಹಸುವನ್ನು ಮನೆಯ ಬಳಿಯಲ್ಲೇ ಮೇಯಿಸಿದರೆ ಮಾತ್ರ ಅದು ಗೊತ್ತಾಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಎಂಬ ನಿಯಮ ಇದಕ್ಕೂ ಸಲ್ಲುತ್ತದೆ. ಹಸು ಚಿಕ್ಕದಾದ್ದರಿಂದ ದೊಡ್ಡ ಕೈಯವರು ಒಳಗೆ ಕೈ ಹಾಕಿ ಗರ್ಭಕಂಠ ಹಿಡಿಯುವುದು ಕಷ್ಟ, ಹಸುವಿಗೂ ಹಿಂಸೆ. ನಮ್ಮ ಕಡೆ ಬರುವ ಸಿಬ್ಬಂದಿಯಲ್ಲಿ ಸಣ್ಣ ಕೈಯವರೊಬ್ಬರಿದ್ದಾರೆ. ಅವರಿಗಾಗಿ ನಾನು ಅರ್ಧ ದಿನ ಬೇಕಾದರೂ ಕಾಯುತ್ತೇನೆ. ಗಿಡ್ಡ ಒದೆಯುವುದರಲ್ಲಿ ಎತ್ತಿದ ಕಾಲು ಇಳಿಸುವುದಿಲ್ಲವಾದ್ದರಿಂದ ಅಡಿಕೆ ದಬ್ಬೆಯಿಂದ ಎರಡು ಅಡಿ ಅಗಲದ ಒಂದು ಕಟಕಟೆಯನ್ನು ಮಾಡಿಸಿಟ್ಟಿದ್ದೇನೆ. ಅದರೊಳಗೆ ನಿಲ್ಲಿಸಿ ಹಣೆ ತುರಿಸುತ್ತಿದ್ದರೆ ಸುಮ್ಮನಾಗುತ್ತದೆ.

ಹೀಗೆ ಆರಿಸಿದ ಹಸುವೊಂದಕ್ಕೆ 2011ರಲ್ಲಿ ಹುಟ್ಟಿದ್ದು ತುಂಗೆ ಎಂಬ ಅರ್ಧ ಜೆರ್ಸಿ ಕಡಸು. ಗಿಡ್ಡ ಕಡಸು ಮೊದಲ ಕರು ಹಾಕಲು ಮೂರೂವರೆ, ನಾಲ್ಕು ವರ್ಷ ಬೇಕು. ತುಂಗೆ 31 ತಿಂಗಳಿಗೇ ಕರು ಹಾಕಿತು. ಎರಡನೆಯ ಸೂಲಿನಲ್ಲಿ ದಿನಕ್ಕೆ 7 ಲೀಟರ್ ಕೊಟ್ಟಿತು, ಡೇರಿಯ ಚೀಟಿಯಲ್ಲಿ ಕೊಬ್ಬು ಶೇಕಡಾ 4.6. ಅದರ ತಾಯಿ ಕೊಡುತ್ತಿದ್ದದ್ದು ದಿನಕ್ಕೆ ಒಂದೂವರೆ ಲೀಟರ್. ಬೆಳಿಗ್ಗೆ ಹಾಲು ಕರೆದ ಮೇಲೆ ಉಳಿದ ದನಗಳೊಂದಿಗೆ ಗುಡ್ಡಕ್ಕೆ ಹೋಗಿ ಮಧ್ಯಾಹ್ನ ಬರುತ್ತಿತ್ತು. ಸಂಜೆಗೆ ಎರಡು ಕಿಲೋ ಹಿಂಡಿ-ಬೂಸಾ, ತೋಟದ ಬದುವಿನಲ್ಲಿ ಬೆಳೆದ ನೇಪಿಯರ್ ಹುಲ್ಲು. ಕರು ಬಿಡದೆ ತೊರೆ ಬಿಡುವುದಿಲ್ಲ (ಹಾಲು ಇಳಿಸುವುದಿಲ್ಲ) ಎಂಬ ತಾಯಿಯ ಗುಣ ಇದಕ್ಕೂ ಬಂದಿತ್ತು, ಅದನ್ನು ನಾನು ದೋಷವೆಂದು ಎಣಿಸಲಿಲ್ಲ. ಕಪ್ಪು ಗಟ್ಟಿ ಗೊರಸೂ ತಾಯಿಯದೇ. ಒಂಬತ್ತು ಮಳೆಗಾಲ ಅದು ನಮ್ಮಲ್ಲಿ ಕಳೆಯಿತು. ಒಮ್ಮೆಯೂ ಗೊರಸು ಕೊಳೆಯಲಿಲ್ಲ.

ಅರ್ಧ ಜೆರ್ಸಿಯಲ್ಲಿ ಇಷ್ಟು ಹಾಲಾದರೆ ಮುಕ್ಕಾಲು ಜೆರ್ಸಿಯಲ್ಲಿ ಎಷ್ಟಾದೀತು ಎಂಬ ದುರಾಸೆ ಬಂದು, ತುಂಗೆಗೂ ಅದರ ತಂಗಿಗೂ ಮತ್ತೆ ಜೆರ್ಸಿಯನ್ನೇ ಕೊಡಿಸಿದೆ. ಹುಟ್ಟಿದ ಎರಡೂ ಕಡಸುಗಳು ನೋಡಲು ಅಂದವಾಗಿದ್ದವು. ಗುಡ್ಡಕ್ಕೆ ಬಿಟ್ಟ ಮೊದಲ ಬೇಸಿಗೆಯಲ್ಲೇ ಉಣ್ಣಿ ಹತ್ತಿ, ಒಂದಕ್ಕೆ 106 ಡಿಗ್ರಿ ಜ್ವರ ಬಂದಿತು, ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಸುಣ್ಣದಂತೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಥೈಲೇರಿಯಾ ಎಂಬ ಉಣ್ಣಿಯಿಂದ ಹರಡುವ ರೋಗವೆಂದು ತಿಳಿದು ಅದರ ಮದ್ದಾದ ಬುಪಾರ್ವಾಕ್ವೋನ್ ಚುಚ್ಚುಮದ್ದು ಕೊಡಿಸುವ ಹೊತ್ತಿಗೆ ತಡವಾಗಿತ್ತು. ಇನ್ನೊಂದು ಬದುಕಿತು, ಆದರೆ ಅದನ್ನು ಗುಡ್ಡಕ್ಕೆ ಕಳಿಸುವ ಧೈರ್ಯ ನನಗೆ ಬರಲಿಲ್ಲ. ಅದೇ ಗುಡ್ಡದಲ್ಲಿ, ಅದೇ ಉಣ್ಣಿಗಳ ನಡುವೆ ಗಿಡ್ಡಗಳೂ ಅರ್ಧ ತಳಿಯವೂ ಮೇಯುತ್ತಿದ್ದವು. ಅವುಗಳಿಗೆ ಏನೂ ಆಗಲಿಲ್ಲ.

ಬೇರೆ ಬೇರೆಯಾಗಿ ಬೆಳೆದು ಬಂದ ಎರಡು ತಳಿಗಳು ಕೂಡಿದಾಗ ಮೊದಲ ಪೀಳಿಗೆಯಲ್ಲಿ ಕಾಣುವ ಹುರುಪು ಆ ಪೀಳಿಗೆಯದೇ ಆಸ್ತಿ. ಅರ್ಧ ತಳಿಯ ಹಸುವಿಗೆ ಮತ್ತೆ ಜೆರ್ಸಿ ಕೊಟ್ಟರೆ ಆ ಹುರುಪಿನಲ್ಲಿ ಅರ್ಧ ಇಳಿದುಹೋಗುತ್ತದೆ, ಗಿಡ್ಡದ ಪಾಲೂ ಕಾಲು ಭಾಗಕ್ಕೆ ಇಳಿಯುತ್ತದೆ. ಅರ್ಧ ತಳಿಯ ಹೋರಿಯನ್ನೇ ಕೊಟ್ಟರೂ ಹುರುಪು ಅಷ್ಟೇ ಇಳಿಯುತ್ತದೆ. ಒಂದು ಕರು ಜೆರ್ಸಿಯನ್ನು ಹೋಲಿದರೆ ಇನ್ನೊಂದು ಗಿಡ್ಡವನ್ನು ಹೋಲುತ್ತದೆ, ಯಾವುದನ್ನೂ ಮೊದಲೇ ಹೇಳಲಾಗುವುದಿಲ್ಲ. ಆದ್ದರಿಂದ ತುಂಗೆಯಂತಹ ಹಸು ಬೇಕಾದಾಗಲೆಲ್ಲ ಶುದ್ಧ ಗಿಡ್ಡ ತಾಯಿಗೇ ಹಿಂದಿರುಗಬೇಕು. ಇದು ನನಗೆ ಅರ್ಥವಾಗುವ ಮೊದಲೇ, ಮಿಶ್ರತಳಿಗೆ ಜಾಗ ಮಾಡಲೆಂದು 6 ಒಳ್ಳೆಯ ಗಿಡ್ಡ ಹಸುಗಳನ್ನು ಮಾರಿದ್ದೆ. ಊರಿನವರೆಲ್ಲ ಹೀಗೆಯೇ ಮಾಡಿದ್ದರಿಂದ ಗಿಡ್ಡ ಹೋರಿಯೇ ಸುತ್ತಮುತ್ತ ಇಲ್ಲದಂತಾಗಿ, ನನ್ನ ಉಳಿದ ಹಸುಗಳಿಗಾಗಿ ಎರಡು ವರ್ಷ ಹುಡುಕಿ, ಘಟ್ಟದ ಅಂಚಿನ ಒಂಟಿ ಮನೆಯಿಂದ ಒಂದು ಎಳೆಯ ಹೋರಿಯನ್ನು ತರಬೇಕಾಯಿತು.

ಕೇರಳದವರು ಈ ದಾರಿಯಲ್ಲಿ ನಮಗಿಂತ ಬಹಳ ಮೊದಲೇ ನಡೆದವರು. ಮಾಟ್ಟುಪೆಟ್ಟಿಯಲ್ಲಿ 1963ರಲ್ಲಿ ಸ್ವಿಟ್ಜರ್‌ಲೆಂಡಿನ ನೆರವಿನಿಂದ ಆರಂಭವಾದ ಯೋಜನೆಯಲ್ಲಿ ಊರ ಹಸುಗಳಿಗೆ ಬ್ರೌನ್ ಸ್ವಿಸ್ ಕೊಡಿಸಿ ಸುನಂದಿನಿ ಎಂಬ ಹಸುವನ್ನು ರೂಪಿಸಿದರು, ಹಾಲು ಹೆಚ್ಚಿತು. ಅದೇ ನಾಡಿನಲ್ಲಿ ವೆಚ್ಚೂರು ಎಂಬ ಪುಟ್ಟ ಹಸು ಕಣ್ಮರೆಯಾಗುವ ಹಂತಕ್ಕೆ ಬಂದು, 1989ರಲ್ಲಿ ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಪ್ರಾಧ್ಯಾಪಕಿ ಡಾ. ಸೋಸಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಹುಡುಕಿ ಉಳಿದ ಕೆಲವನ್ನು ಒಟ್ಟುಗೂಡಿಸಬೇಕಾಯಿತು. ವೆಚ್ಚೂರಿನ ಹಸುವನ್ನು ನೋಡಿದವರಿಗೆ ನಮ್ಮ ಗಿಡ್ಡದ ನೆನಪು ಬಾರದೆ ಇರದು.

ಈಗ ನಮ್ಮಲ್ಲಿ 12 ಗಿಡ್ಡ ಹಸುಗಳೂ 5 ಅರ್ಧ ತಳಿಯ ಹಸುಗಳೂ ಇವೆ. ಗಿಡ್ಡಗಳಲ್ಲಿ ಉತ್ತಮವಾದವನ್ನು ಮೊದಲು ಗಿಡ್ಡ ಹೋರಿಗೇ ಮೀಸಲಿಡುತ್ತೇನೆ; ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಹಸುಗಳಿಗೆ ಜೆರ್ಸಿ ಕೊಡಿಸುವುದಿಲ್ಲ. ಒಳ್ಳೆಯದನ್ನು ಜೆರ್ಸಿಗೂ ಉಳಿದದ್ದನ್ನು ಗಿಡ್ಡಕ್ಕೂ ಕೊಡುವುದು ಊರಿನ ರೂಢಿ. ಹಾಗೆ ಮಾಡಿದರೆ ಹತ್ತು ವರ್ಷದಲ್ಲಿ ತಾಯಿಬೇರೇ ಸೊರಗುತ್ತದೆ. ಅರ್ಧ ತಳಿಯ ಹಸುಗಳಿಗೆ ಗಿಡ್ಡ ಹೋರಿಯನ್ನೇ ಬಿಡುತ್ತೇನೆ. ಹುಟ್ಟುವ ಕಾಲು ಜೆರ್ಸಿಯ ಕಡಸುಗಳು ಮೂರು, ನಾಲ್ಕು ಲೀಟರ್ ಹಾಲು ಕೊಡುತ್ತವೆ. ಹೆಚ್ಚು ಆರೈಕೆ ಮಾಡಲಾಗದ, ಮನೆಬಳಕೆಗೆ ಒಂದು ಹಸು ಸಾಕೆನ್ನುವ ವಯಸ್ಸಾದವರು ಅವನ್ನು ಸಂತೋಷದಿಂದ ಒಯ್ಯುತ್ತಾರೆ. ಡೇರಿಗೆ ಈಗ ದಿನಕ್ಕೆ 22 ಲೀಟರ್ ಹೋಗುತ್ತದೆ. ಗೊಬ್ಬರದ ಲೆಕ್ಕ ಬೇರೆ; ಅಡಿಕೆ ತೋಟವಿರುವವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಹೋರಿ ಕರುಗಳದು ಮಾತ್ರ ಇನ್ನೂ ಬಗೆಹರಿಯದ ಸಂಕಟ. ಉಳುಮೆಗೆ ಟಿಲ್ಲರ್ ಬಂದ ಮೇಲೆ ಅರ್ಧ ತಳಿಯ ಹೋರಿಯನ್ನು ಕೇಳುವವರಿಲ್ಲ, ಹುಟ್ಟಿದ ಜೀವವನ್ನು ಬೀದಿಗೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಸುಮಾರು ನೂರಕ್ಕೆ ತೊಂಬತ್ತು ಹೆಣ್ಣು ಕರುವನ್ನೇ ಕೊಡುವ ಲಿಂಗ ನಿರ್ಧಾರಿತ ವೀರ್ಯದ ಕಡ್ಡಿಗಳು ಈಗ ಸಿಗುತ್ತಿವೆ. ಅವುಗಳಲ್ಲಿ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆಯಾದರೂ ನಮಗೆ ಇನ್ನೊಂದು ಲಾಭವಿದೆ: ಹೆಣ್ಣು ಕರು ಗಂಡಿಗಿಂತ ಹಗುರವಾಗಿ ಹುಟ್ಟುವುದರಿಂದ ಗಿಡ್ಡ ತಾಯಿಗೆ ಹೆರಿಗೆಯೂ ಅಷ್ಟು ಸುಲಭ. ಕಳೆದ ಕಾರ್ತಿಕದಲ್ಲಿ ಎರಡು ಹಸುಗಳಿಗೆ ಇಂತಹ ಕಡ್ಡಿ ಹಾಕಿಸಿದೆ. ಒಂದು ಮರುಬೆದೆಗೆ ಬಂದಿತು. ಇನ್ನೊಂದು ಕೌಲೆ ಎಂಬ ಹಸು, ನಾಲ್ಕನೆಯ ಸೂಲಿನದು, ಎದೆ 49 ಇಂಚು. ಮೂರು ತಿಂಗಳ ಗಬ್ಬವೆಂದು ವೈದ್ಯರು ಖಚಿತಪಡಿಸಿದ್ದಾರೆ. ಶ್ರಾವಣದ ಹೊತ್ತಿಗೆ ಅದು ಕರು ಹಾಕಬೇಕು. ಅದನ್ನು ಕಟ್ಟುವ ಮೂಲೆಯ ಸೂರಿಗೆ ಈ ಬೇಸಿಗೆಯಲ್ಲೇ ಹೊಸ ಹೆಂಚು ಹೊದಿಸಬೇಕೆಂದಿದ್ದೇನೆ.