ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಆಮ್ಲಜನಕದ ಕೋಣೆ

ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆಯ ಹೊಲಗಳಲ್ಲಿ ಕಾಲಿಗೆ ಕುಳೆ ಚುಚ್ಚುವುದು, ಕೈಗೆ ಕೊಯ್ತಾ ತಾಗುವುದು ಯಾರಿಗೂ ದೊಡ್ಡ ಸುದ್ದಿಯಲ್ಲ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ಇಳಿಯುತ್ತಾರೆ. ಬಹುತೇಕ ಗಾಯ ಮಾಯುತ್ತವೆ. ಅಪರೂಪಕ್ಕೊಂದು ಮಾತ್ರ ಗಂಟೆಗಂಟೆಗೂ ಏರುತ್ತದೆ. ಅಂಥದ್ದು ಬಂದರೆ ಏನು ಮಾಡಬೇಕು, ‘ಆಕ್ಸಿಜನ್ ಕೋಣೆ’ಯ ಚಿಕಿತ್ಸೆ ಯಾವಾಗ ಬೇಕಾಗುತ್ತದೆ ಎಂಬುದು ಇಲ್ಲಿದೆ.

ಹಂತ 1: ಗುರುತಿಸಿ

ಗಾಯ ಸಣ್ಣದು, ನೋವು ಮಾತ್ರ ತಡೆಯಲಾರದಷ್ಟು. ಇದೇ ಮೊದಲ ಸುಳಿವು. ಕೆಂಪಾದ ಜಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಒಂದೆರಡು ಗಂಟೆಯಲ್ಲಿ ಬಾವು ಗೆರೆ ದಾಟಿದರೆ ಕಾಯಬೇಡಿ. ಚರ್ಮ ಕಂಚಿನ ಬಣ್ಣಕ್ಕೋ ನೀಲಿಗೋ ತಿರುಗುವುದು, ಗುಳ್ಳೆ ಏಳುವುದು, ಒತ್ತಿದರೆ ಒಳಗೆ ಚರಚರ ಎನ್ನುವುದು, ಜ್ವರ, ತಡವರಿಸುವ ಮಾತು ಇವೆಲ್ಲ ಅಪಾಯದ ಲಕ್ಷಣಗಳು. ಚರಚರ ಅನ್ನುವುದು ಮಾಂಸದೊಳಗೆ ಸೇರಿದ ಅನಿಲ. ಮಣ್ಣು, ಸೆಗಣಿಯಲ್ಲಿರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಗಾಳಿಯಾಡದ ಆಳದ ಗಾಯದಲ್ಲಿ ಬೆಳೆದರೆ ಬರುವ ಗ್ಯಾಸ್ ಗ್ಯಾಂಗ್ರಿನ್‌ನ ಲಕ್ಷಣವಿದು. ಸ್ಟ್ರೆಪ್ಟೊಕಾಕಸ್, ಇಲ್ಲವೇ ಹಲವು ಬ್ಯಾಕ್ಟೀರಿಯಾಗಳು ಒಟ್ಟಿಗೆ ಸೇರಿ ಚರ್ಮದಡಿಯ ಪದರವನ್ನು ಕೊಳೆಸುವುದೂ ಉಂಟು. ಸಕ್ಕರೆ ಕಾಯಿಲೆಯವರಲ್ಲಿ ನರ ಮರಗಟ್ಟಿರುವುದರಿಂದ ನೋವೇ ಗೊತ್ತಾಗದಿರಬಹುದು. ಅವರ ಪಾದವನ್ನು ಮನೆಯವರೇ ನೋಡಬೇಕು.

ಹಂತ 2: ಹೊರಡಿ

ಬಿಸಿ ಶಾಖ, ಬೂದಿ, ಬಿಗಿ ಕಟ್ಟು ಬೇಡ. ‘ಬೆಳಗಾಗಲಿ ನೋಡೋಣ’ ಅಂತೂ ಬೇಡವೇ ಬೇಡ. 108ಕ್ಕೆ ಫೋನ್ ಮಾಡಿ, ರಾತ್ರಿಯೂ ಶಸ್ತ್ರಚಿಕಿತ್ಸಕರು, ಐಸಿಯು ಇರುವಲ್ಲಿಗೆ ಹೋಗಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ.

ಹಂತ 3: ಕೊಯ್ಯಲು ಒಪ್ಪಿ

‘ಕೊಯ್ಯೂದು ಬ್ಯಾಡ್ರಿ ಸಾಹೇಬ್ರ, ಆಕ್ಸಿಜನ್ ಕೊಟ್ಟ ಆರಾಮ ಮಾಡ್ರಿ’ ಎಂದು ಮನೆಯವರು ಕೈಮುಗಿಯುವುದು ಸಹಜ. ಆದರೆ ಸತ್ತ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ಔಷಧವೂ ಹೋಗುವುದಿಲ್ಲ, ಆಮ್ಲಜನಕವೂ ಹೋಗುವುದಿಲ್ಲ. ಅದನ್ನು ಕತ್ತರಿಸಿ ತೆಗೆಯಲೇಬೇಕು, ಹಲವೊಮ್ಮೆ ಮರುದಿನ ಮತ್ತೊಮ್ಮೆ. ಜೊತೆಗೇ ರಕ್ತನಾಳದ ಮೂಲಕ ಪ್ರತಿಜೀವಕ. ಗ್ಯಾಸ್ ಗ್ಯಾಂಗ್ರಿನ್‌ಗೆ ಪೆನಿಸಿಲಿನ್ ಜೊತೆ ಕ್ಲಿಂಡಾಮೈಸಿನ್ ಕೊಡುವುದು ರೂಢಿ. ಎರಡನೆಯದು ಬ್ಯಾಕ್ಟೀರಿಯಾ ವಿಷ ತಯಾರಿಸುವುದನ್ನೇ ತಗ್ಗಿಸುತ್ತದೆ.

ಹಂತ 4: ಆಮ್ಲಜನಕದ ಕೋಣೆ

ಮುಚ್ಚಿದ ಕೋಣೆಯಲ್ಲಿ ವಾತಾವರಣದ ಎರಡು-ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸುವುದೇ ಹೈಪರ್‌ಬೇರಿಕ್ ಚಿಕಿತ್ಸೆ. ಮಾಮೂಲಿ ಗಾಳಿಯಲ್ಲಿ 100 ಮಿ.ಲೀ. ರಕ್ತದ್ರವದಲ್ಲಿ ಕರಗಿರುವ ಆಮ್ಲಜನಕ ಸುಮಾರು 0.3 ಮಿ.ಲೀ.; ಮೂರು ಪಟ್ಟು ಒತ್ತಡದಲ್ಲಿ ಅದು 6 ಮಿ.ಲೀ. ಸಮೀಪ ಹೋಗುತ್ತದೆ. ಊದಿಕೊಂಡ, ಅರೆಜೀವದ ಅಂಚಿಗೂ ಅದು ತಲುಪುತ್ತದೆ. ಕ್ಲಾಸ್ಟ್ರಿಡಿಯಂನ ವಿಷ ತಯಾರಿಕೆ ನಿಲ್ಲುತ್ತದೆ, ಬಿಳಿ ರಕ್ತಕಣಗಳಿಗೆ ಬಲ ಬರುತ್ತದೆ. 1961ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಶಸ್ತ್ರಚಿಕಿತ್ಸಕ ಬೂರೆಮಾ ಮತ್ತವರ ಸಹೋದ್ಯೋಗಿಗಳು ಗ್ಯಾಸ್ ಗ್ಯಾಂಗ್ರಿನ್‌ಗೆ ಇದನ್ನು ಬಳಸಿದ ವರದಿ ಪ್ರಕಟಿಸಿದರು. ಸಾಮಾನ್ಯ ಕ್ರಮ ಹೀಗೆ: ಒಂದು ಸರದಿ ಸುಮಾರು 90 ನಿಮಿಷ, ಮೊದಲ 24 ಗಂಟೆಯಲ್ಲಿ ಮೂರು ಸರದಿ, ಆಮೇಲೆ ಕೆಲವು ದಿನ ದಿನಕ್ಕೆರಡು.

ಹಾಗಂತ ಇದು ಪವಾಡವಲ್ಲ. ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸುವಂಥ ಗಟ್ಟಿ ಪುರಾವೆ ಈ ಸೋಂಕುಗಳ ಮಟ್ಟಿಗೆ ಇಲ್ಲ, ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ. ಕೋಣೆ ಬೇರೆ ಊರಿನಲ್ಲಿದ್ದರೆ ಶಸ್ತ್ರಚಿಕಿತ್ಸೆ ಮುಗಿಸದೆ ರೋಗಿಯನ್ನು ಅಲ್ಲಿಗೆ ಸಾಗಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ವೈದ್ಯರನ್ನು ಎರಡೇ ಪ್ರಶ್ನೆ ಕೇಳಿ: ಸತ್ತ ಮಾಂಸ ಪೂರ್ತಿ ತೆಗೆದಿದ್ದೀರಾ? ರೋಗಿ ಪ್ರಯಾಣ ತಾಳಬಲ್ಲರೇ?

ಒಳಗೆ ಹೋಗುವ ಮುನ್ನ

ಬೆಂಕಿಯ ಭಯವೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊಬೈಲ್, ಕಡ್ಡಿಪೆಟ್ಟಿಗೆ, ತಲೆಗೆ ಕೊಬ್ಬರಿ ಎಣ್ಣೆ, ಮುಲಾಮು, ನೈಲಾನ್ ಬಟ್ಟೆ ಯಾವುದೂ ಒಳಗೆ ಹೋಗಬಾರದು. ಆಸ್ಪತ್ರೆ ಕೊಡುವ ಶುದ್ಧ ಹತ್ತಿಯ ಬಟ್ಟೆಯೇ ಸರಿ. ಇಳಕಲ್ ಸೀರೆ ಉಟ್ಟ ಅಜ್ಜಿಯಂದಿರು ಬೇಸರ ಮಾಡಿಕೊಂಡಾರು. ಆದರೆ ಅದರ ಸೆರಗು ಹತ್ತಿಯದಲ್ಲವಲ್ಲ! ಪುಪ್ಪುಸದ ಹೊರಗೆ ಗಾಳಿ ಸೇರಿಕೊಂಡಿದ್ದರೆ ಚಿಕಿತ್ಸೆ ಕೊಡುವಂತಿಲ್ಲ, ಅದಕ್ಕೇ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಸಕ್ಕರೆ ಅಂಶ ಇಳಿಯಬಹುದಾದ್ದರಿಂದ ಮಧುಮೇಹಿಗಳಿಗೆ ಮೊದಲೇ ರಕ್ತ ಪರೀಕ್ಷೆ.

ಒತ್ತಡ ಏರುವಾಗ ಕಿವಿ ಮುಚ್ಚಿಕೊಳ್ಳುತ್ತದೆ, ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟ್ ಇಳಿಯುವಾಗ ಆಗುವಂತೆ. ಉಗುಳು ನುಂಗಿ, ಇಲ್ಲವೇ ಮೂಗು ಹಿಡಿದು ಮೆಲ್ಲಗೆ ಊದಿ. ನೋವಾದರೆ ಸಹಿಸಿಕೊಳ್ಳದೆ ಕೂಡಲೇ ಹೇಳಿ, ಒತ್ತಡ ಏರಿಸುವುದನ್ನು ನಿಲ್ಲಿಸುತ್ತಾರೆ. ಆಮ್ಲಜನಕ ಅತಿಯಾಗಿ ಫಿಟ್ಸ್ ಬರುವುದೂ ಅಪರೂಪಕ್ಕೆ ಉಂಟು. ಅದಕ್ಕಾಗಿ ನಡುನಡುವೆ ಐದೈದು ನಿಮಿಷ ಮಾಮೂಲಿ ಗಾಳಿ ಕೊಡುತ್ತಾರೆ.

ಸೌಂದರ್ಯ, ಚೈತನ್ಯದ ಹೆಸರಿನಲ್ಲಿ ಬಾಡಿಗೆಗೆ ಸಿಗುವ ಗಾಳಿ ತುಂಬಿದ ಮೆದು ಚೀಲಗಳೂ ‘ಹೈಪರ್‌ಬೇರಿಕ್’ ಹೆಸರನ್ನೇ ಹೊತ್ತಿವೆ. ಅವುಗಳ ಒತ್ತಡ ಸಾಮಾನ್ಯವಾಗಿ 1.3 ಪಟ್ಟಿನ ಆಸುಪಾಸು. ಕೊಳೆಯುತ್ತಿರುವ ಕಾಲನ್ನು ಅಲ್ಲಿಗೆ ಒಯ್ಯಬೇಡಿ.