ಕ್ಲೋರೆಲ್ಲಾ ಕೊನೆಗೂ ಇಲಿಗಳಿಗೆ ದಕ್ಕಿತು

ಇಲಿಗಳಿಗೆ ಕ್ಲೋರೆಲ್ಲಾ ಎಂಬ ಏಕಕೋಶದ ಹಸಿರು ಪಾಚಿಯನ್ನು ತಿನ್ನಿಸುತ್ತೇನೆಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಬಾಯಿಗೆ ಹೋದದ್ದು ಹಾಗೆಯೇ ಹಿಕ್ಕೆಯಲ್ಲಿ ಬರುತ್ತದೆ, ಸ್ಪಿರುಲಿನಾ ಹಿಡಿಯಿರಿ" ಎಂದರು. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಗೆ ಸೆಲ್ಯುಲೋಸಿನ ಗೋಡೆಯಿಲ್ಲ, ಅದು ಜೀರ್ಣವಾಗುವುದು ಹೊಸ ಸಂಗತಿಯೇ ಅಲ್ಲ. ಗಟ್ಟಿ ಗೋಡೆಯ ಕ್ಲೋರೆಲ್ಲಾವನ್ನು ಒಡೆದು ತಿನ್ನಿಸಿದರೆ ಎಷ್ಟು ದಕ್ಕುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಒಡೆಯುವುದರಲ್ಲೇ ಅರ್ಧ ಅನುದಾನ ಕರಗಿತು. ಹೆಪ್ಪುಗಟ್ಟಿಸಿ ಕರಗಿಸುವುದು ಅಗ್ಗ. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಕ್ಕಾಲು ಪಾಲು ಕೋಶಗಳು ದುಂಡಗೆ ಹಾಗೆಯೇ ಇದ್ದವು. ಅಲ್ಟ್ರಾಸೌಂಡ್ ಯಂತ್ರ ಸಣ್ಣ ಬೀಕರಿನಲ್ಲಿ ಚೆನ್ನಾಗಿ ಒಡೆಯಿತು. ಕಿಲೋಗಟ್ಟಲೆ ಬೇಕಾದಾಗ ದ್ರಾವಣ ಕಾಯ್ದು, ಯಂತ್ರದ ತುದಿ ಸವೆದು, ಮತ್ತೆ ಹಣ ಸುರಿಯಬೇಕಾಯಿತು. ಕೊನೆಗೆ ಕೈಹಿಡಿದದ್ದು ಬೀಡ್ ಮಿಲ್, ಅಂದರೆ ಗಟ್ಟಿಯಾದ ಜಿರ್ಕೋನಿಯಾ ಮಣಿಗಳ ನಡುವೆ ಅರೆಯುವ ಯಂತ್ರ. ಸುತ್ತಲೂ ತಣ್ಣೀರು ಹರಿಯುತ್ತಲೇ ಇರಬೇಕು. ಎಣಿಸಿ ನೋಡಿದಾಗ ನೂರಕ್ಕೆ 90ರಷ್ಟು ಕೋಶಗಳು ಒಡೆದಿದ್ದವು. ಮಣಿಗಳ ಗಾತ್ರವನ್ನೂ ಎಷ್ಟು ಬಾರಿ ಹಾಯಿಸಿದೆನೆಂಬುದನ್ನೂ ಇಲ್ಲಿ ಹೇಳುವುದಿಲ್ಲ, ಅದಕ್ಕೆ ನಾನು ತೆತ್ತದ್ದು ಬಹಳ. ಇಷ್ಟು ಹೇಳುತ್ತೇನೆ: ಒಡೆದ ಪಾಚಿಯನ್ನು ಒದ್ದೆಯಾಗಿ ಇಡಬೇಡಿ. ಒಳಗಿನ ಕಿಣ್ವಗಳು ಹೊರಬಂದು ಕೊಬ್ಬು ಕಮಟುತ್ತದೆ, ಇಲಿಗಳು ಮೂಸಿಯೂ ನೋಡುವುದಿಲ್ಲ. ಕೂಡಲೇ ಫ್ರೀಜ್ ಡ್ರೈ ಮಾಡಿ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿ, ಖರ್ಚಾದರೂ ಸರಿ.

ಆಹಾರ ಎಐಎನ್-93ಜಿ, ಪ್ರಯೋಗದ ಇಲಿಗಳಿಗೆಂದೇ ಇರುವ ಪ್ರಮಾಣಿತ ಮಿಶ್ರಣ; ಅದರಲ್ಲಿನ ಹಾಲಿನ ಪ್ರೋಟೀನು ಕೇಸೀನಿನಲ್ಲಿ ಅರ್ಧದ ಬದಲು ಕ್ಲೋರೆಲ್ಲಾ. ಪ್ರೋಟೀನನ್ನು ಅದರ ಸಾರಜನಕ ಅಳೆದು ಅಂದಾಜಿಸುತ್ತಾರೆ; ರೂಢಿಯಂತೆ ಸಾರಜನಕವನ್ನು 6.25ರಿಂದ ಗುಣಿಸಿದರೆ ಪಾಚಿಯ ಪ್ರೋಟೀನು ಉಬ್ಬಿ ಕಾಣುತ್ತದೆ, ನ್ಯೂಕ್ಲಿಯಿಕ್ ಆಮ್ಲ ಮತ್ತು ಹರಿತ್ತಿನ ಸಾರಜನಕವೂ ಲೆಕ್ಕಕ್ಕೆ ಸೇರುತ್ತದೆ. ನಾನು 4.8ರ ಆಸುಪಾಸು ಹಿಡಿದೆ. ಹೊಸ ವಾಸನೆಗೆ ಇಲಿಗಳು ಹಿಂಜರಿಯುವುದರಿಂದ ಪಾಚಿಯ ಪಾಲನ್ನು ವಾರವಿಡೀ ಸ್ವಲ್ಪಸ್ವಲ್ಪವೇ ಏರಿಸಿದೆ.

ತಿಂದದ್ದರಲ್ಲಿ ಹಿಕ್ಕೆಯಲ್ಲಿ ಬಂದದ್ದನ್ನು ಕಳೆದರೆ ದಕ್ಕಿದ್ದು ಎಷ್ಟೆಂದು ತಿಳಿಯುತ್ತದೆ. ಪುಡಿ ಆಹಾರ ಕೊಟ್ಟ ಮೊದಲ ಸುತ್ತು ಪೂರ್ತಿ ದಂಡ. ಇಲಿಗಳು ಬಟ್ಟಲು ಕೆದಕಿ ಚೆಲ್ಲಿದ್ದು ಹಿಕ್ಕೆಯೊಂದಿಗೆ ಬೆರೆಯಿತು. ಎರಡೂ ಹಸಿರು, ಹೇಗೆ ಬೇರ್ಪಡಿಸುವುದು? ಹಿಕ್ಕೆ ಸಂಗ್ರಹದ ಆರಂಭ ಮತ್ತು ಕೊನೆ ಗುರುತಿಸಲು ಆಹಾರಕ್ಕೆ ಹಾಕಿದ್ದ ಕಾರ್ಮೈನ್ ಬಣ್ಣದ ಕೆಂಪು ಆ ಕಡುಹಸಿರಿನಲ್ಲಿ ಕಾಣಲೇ ಇಲ್ಲ. ಎರಡನೆಯ ಸುತ್ತಿನಲ್ಲಿ ಆಹಾರವನ್ನು ಕಲಸಿ ಉಂಡೆ ಕಟ್ಟಿ, ಜೀರ್ಣವಾಗದೆ ಹೊರಬರುವ ಗುರುತಾಗಿ ಟೈಟಾನಿಯಂ ಡೈಆಕ್ಸೈಡ್ ಸೇರಿಸಿದೆ. ಚೆಲ್ಲಾಟ ಹೆಚ್ಚುಕಡಿಮೆ ನಿಂತಿತು. ಅಂಟಿಗೆ ಏನು ಹಾಕಿದೆನೆಂದು ಕೇಳಬೇಡಿ.

ಜಾಲರಿ ತಳ ಹಾಕಿದರೆ ಇಲಿ ಹಿಕ್ಕೆ ತಿನ್ನುವುದಿಲ್ಲವೆಂದು ನಂಬಿ ಕೂರಬಾರದು, ಅದು ನೇರವಾಗಿ ಬಾಯಿ ಹಾಕಿ ತೆಗೆದುಕೊಳ್ಳುತ್ತದೆ. ಕೆಲವಕ್ಕೆ ಬಾಲದ ಬುಡಕ್ಕೆ ಹಿಕ್ಕೆ ಹಿಡಿಯುವ ಬಟ್ಟಲು ಕಟ್ಟಿ ತಾಳೆ ನೋಡಿದೆ. ಅಂಕಿಗಳು ಕೊಂಚ ಕೆಳಗಿಳಿದವು, ಒಡೆದ ಪಾಚಿ ತಿಂದ ಮತ್ತು ಒಡೆಯದ್ದು ತಿಂದ ಗುಂಪುಗಳ ನಡುವಿನ ಅಂತರ ಮಾತ್ರ ಉಳಿಯಿತು.

ಕೇಸೀನಿನ ಪಾಲು ಕಳೆದು ನೋಡಿದರೆ, ಒಡೆಯದ ಇಡೀ ಕೋಶ ತಿಂದ ಇಲಿಗಳಲ್ಲಿ ಪಾಚಿಯ ಸಾರಜನಕದ ಜೀರ್ಣತೆ ನೂರಕ್ಕೆ 60ರ ಆಸುಪಾಸು, ಒಡೆದದ್ದು ತಿಂದವುಗಳಲ್ಲಿ 75 ದಾಟಿತು. ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಅಂಕ ಆಚೀಚೆ ಇರಬಹುದು. ಅಂತರವಂತೂ ಪ್ರತಿ ಸುತ್ತಿನಲ್ಲೂ ಬಂತು.

ಉಳಿದ ಪಂಜರಗಳಲ್ಲಿ ಕಂದು ಕಡಲಪಾಚಿಯನ್ನೂ ಪರೀಕ್ಷಿಸಿದೆ. ಅದರಲ್ಲಿನ ಲೋಳೆಯಂಥ ನಾರು ಆಲ್ಜಿನೇಟಿನಿಂದ ಹಿಕ್ಕೆ ಮೆತ್ತಗಾಯಿತು, ದೊಡ್ಡ ಕರುಳಿನ ಮೊದಲ ಚೀಲವಾದ ಸೀಕಮ್ ಊದಿ ದೊಡ್ಡದಾಗಿತ್ತು. ಆ ಕೆಲಸವನ್ನು ಬೇರೆಯಾಗಿಯೇ ಮುಂದುವರಿಸಬೇಕು. ಸ್ಪಿರುಲಿನಾ ಹಿಡಿಯಲು ಹೇಳಿದ್ದವರು ಈಗ ಒಡೆದ ಕ್ಲೋರೆಲ್ಲಾ ಕೇಳುತ್ತಿದ್ದಾರೆ. ಕೊಡುತ್ತೇನೆ, ಫ್ರೀಜ್ ಡ್ರೈಯರಿನ ಖರ್ಚು ಹಂಚಿಕೊಂಡರೆ.